ಸ್ಯಾಂಪಲ್ ಇಲ್ಲದ ಸಾಮಾನು

ಪೆದ್ರು ಮಿಸ್ತ್ರಿ ಒಂಬತ್ತು ವರ್ಷದಿಂದ ಜ್ಯೂಲಿಯ ಅಂಗಡಿಗೆ ಬರುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಮಾತು ಅನ್ನುವಂಥದ್ದು ನಡೆದದ್ದು ಕಡಿಮೆ.

ಮಾತಿನ ಕೆಲಸವೇ ಬಿದ್ದಿರಲಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ ಅವನ ಗ್ಯಾರೇಜು, ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಸ್ಪೇರ್ ಪಾರ್ಟ್ಸ್ ಅಂಗಡಿ. ಸವೆದ ಸಾಮಾನನ್ನು ಅವನು ಬಟ್ಟೆಯಲ್ಲಿ ಸುತ್ತಿ ತಂದು ಕೌಂಟರಿನ ಮೇಲೆ ಬಿಚ್ಚಿಡುತ್ತಿದ್ದ. ಅವಳು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಒಳಗೆ ಹೋಗಿ ಅಂಥದ್ದೇ ಹೊಸದನ್ನು ತಂದು ಹಳೆಯದರ ಪಕ್ಕಕ್ಕಿಟ್ಟು, ಎರಡರ ಮೇಲೂ ಬೆರಳಾಡಿಸಿ, "ಹೂಂ," ಅನ್ನುತ್ತಿದ್ದಳು. ಅವನೂ "ಹೂಂ," ಅನ್ನುತ್ತಿದ್ದ. ವ್ಯಾಪಾರ ಮುಗಿಯಿತು.

ಆ ಕಡೆಯ ಮಿಸ್ತ್ರಿಗಳೆಲ್ಲ ಸಾಮಾನು ಕೊಳ್ಳುವುದೇ ಹೀಗೆ. ಹೆಸರು ಗೊತ್ತಿರದಿದ್ದರೂ ನಡೆಯುತ್ತದೆ, ಓದು ಬರಹ ಇರದಿದ್ದರೂ ನಡೆಯುತ್ತದೆ. ಹಳೆಯದು ಕೈಯಲ್ಲಿದ್ದರೆ ಸಾಕು. ಪೆದ್ರು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಈ ಪದ್ಧತಿ ಅವನಿಗೆ ಹೇಳಿ ಮಾಡಿಸಿದಂತಿತ್ತು.

ಇಬ್ಬರೂ ಸಿದ್ದಿ ಜನಾಂಗದ ಕ್ರೈಸ್ತರು. ಜ್ಯೂಲಿಯ ಗಂಡ ಮೈಕಲ್ ಕಾಮಾಲೆಯಾಗಿ ಹೋದ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಈಗ ನಲವತ್ತೊಂದು. ಮುಂದಲೆಯ ಗುಂಗುರಿನಲ್ಲಿ ನಾಲ್ಕೈದು ಬಿಳಿ ಸುರುಳಿ ಬಂದಿದ್ದವು. ಅವು ಯಾವ ವರ್ಷ, ಯಾವ ಕ್ರಮದಲ್ಲಿ ಬಂದವು ಎಂಬುದು ಪೆದ್ರುವಿಗೆ ಗೊತ್ತಿತ್ತು. ಅವನಿಗೆ ನಲವತ್ತೇಳು. ಇಬ್ಬರು ತಂಗಿಯರ ಮದುವೆ ಮಾಡುತ್ತ ಮಾಡುತ್ತ ತನ್ನದು ಮರೆತವನು.

ಎಲ್ಲ ಹಾಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಪುಂಡಲೀಕರಾವ್ ಆ ಕೆಂಪು ಗಾಡಿ ತಂದರು.

ಎರಡೇ ಸೀಟಿನ, ಮೇಲೆ ಛತ್ತು ಇಲ್ಲದ, ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು. ಯಾವುದೋ ಕಾಲದ ಮರದ ಕಂಟ್ರಾಕ್ಟರರ ಶೆಡ್ಡಿನಲ್ಲಿ ಮಣ್ಣು ತಿನ್ನುತ್ತ ನಿಂತಿತ್ತು. ಪುಂಡಲೀಕರಾವ್ ಪೇಪರ್ ಮಿಲ್ಲಿನಿಂದ ನಿವೃತ್ತರಾಗಿ ಹೋಮ್‌ಸ್ಟೇ ನಡೆಸುತ್ತಿದ್ದವರು. ಡಿಸೆಂಬರದಲ್ಲಿ ಗೋವಾದಲ್ಲಿ ಹಳೆಯ ಕಾರುಗಳ ರಾಲಿ ಇತ್ತು.

"ಪೆದ್ರು, ಎಂಜಿನ್ ಹಳೇದ ಇರಬೇಕು, ಆದ್ರ ಅಣಶಿ ಘಾಟ್ ಏರಬೇಕು ನೋಡಪಾ," ಅಂದರು. "ಇನ್ನೊಂದ ಗಾಡಿ ಎಂಜಿನ್ ತಂದು ತುರುಕಬ್ಯಾಡ. ಇದ್ದದ್ದಕ್ಕ ಜೀವ ತುಂಬು."

ಪೆದ್ರು ಎಂಜಿನ್ ಬಿಚ್ಚಿದ. ತಲೆಯಲ್ಲೇ ಎಲ್ಲ ಬರೆದುಕೊಂಡ. ಮರುದಿನ ಬಸ್ಸು ಹತ್ತಿ ಹಳಿಯಾಳಕ್ಕೆ ಬಂದು ಜ್ಯೂಲಿಯ ಕೌಂಟರಿನ ಮುಂದೆ ಬರಿಗೈಯಲ್ಲಿ ನಿಂತ.

"ಎಲ್ಲೈತಿ ಸ್ಯಾಂಪಲ್?" ಅಂದಳು ಜ್ಯೂಲಿ.

"ಇಲ್ರಿ."

"ಮರತು ಬಂದ್ರೇನು?"

"ಅದಕ್ಕ ಸ್ಯಾಂಪಲ್ಲೇ ಇಲ್ರಿ ಜ್ಯೂಲಿಬಾಯಿ. ಆ ಎಂಜಿನ್ನಿನಾಗ ಅದು ಎಂದೂ ಇದ್ದಿದ್ದೇ ಅಲ್ಲ."

ಜ್ಯೂಲಿ ಕೌಂಟರಿಗೆ ಮೊಣಕೈ ಊರಿ ಗಲ್ಲಕ್ಕೆ ಕೈ ಕೊಟ್ಟಳು. ಅವಳ ಕಣ್ಣಿನ ಮೂಲೆಯಲ್ಲಿ ಸಣ್ಣ ನೆರಿಗೆ ಬಿತ್ತು. ನಗು ಬರುವ ಮೊದಲು ಹಾಗೆ ಬೀಳುತ್ತಿತ್ತು.

"ಹಂಗಾರ ಬಾಯಿಲೆ ಹೇಳಬೇಕಾಗ್ತೈತಿ ನೋಡ್ರಿ ಮಿಸ್ತ್ರಿ. ನಿಮ್ಮಿಂದ ಆಗ್ತೈತೇನು?"

ಪೆದ್ರು ಬೆವರು ಒರೆಸಿಕೊಂಡ. ಲಾರಿಯ ಗೇರ್‌ಬಾಕ್ಸ್ ಒಬ್ಬನೇ ಎತ್ತಿ ಇಳಿಸುವವನು.

"ಘಾಟ್‌ನ್ಯಾಗ ಎರಡನೇ ತಿರುವಿಗೆ ಅದರ ಉಸರು ಕಟ್ತೈತ್ರಿ," ಅಂದ. "ದಮ್ಮಿನ ಮುದುಕರು ಮೆಟ್ಟಲ ಮ್ಯಾಲ ಕುಂದರ್ತಾರಲ್ಲ, ಹಂಗ ಕುಂದರ್ತೈತಿ. ಅದಕ್ಕಿರೋದು ಒಂದ ಕಾರ್ಬ್ಯುರೇಟರ್. ಒಂದ ಮೂಗು. ಘಾಟ್ ಏರಾಕ ಎರಡ ಮೂಗು ಬೇಕು."

"ಎಷ್ಟು ದೊಡ್ಡ ಮೂಗು?"

ಅಳತೆಗೆ ಏನಾದರೂ ಸಿಕ್ಕೀತೇ ಎಂದು ಅವನು ಅತ್ತಿತ್ತ ನೋಡಿದ. ನೋಟ ಹೋಗಿ ಅವಳ ಮೂಗಿನ ಮೇಲೆ ನಿಂತಿತು. ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

"ಇದು ಸ್ಯಾಂಪಲ್ ಅಲ್ರಿ," ಅಂದಳು ಜ್ಯೂಲಿ.

ಅವನು ಕಪಾಟಿನಲ್ಲಿದ್ದ ಆಯಿಲ್ ಡಬ್ಬಿಗಳನ್ನು ಎಣಿಸತೊಡಗಿದ.

ಹೀಗೆ ಮಾತು ಶುರುವಾಯಿತು. ಬೇಸಿಗೆ ಕಳೆದು ಮಳೆ ಬಂತು. ಬೆಳಗಾವಿಯ ಗುಜರಿಯಿಂದ ಜೋಡಿ ಕಾರ್ಬ್ಯುರೇಟರ್ ಬಂದವು. ಗಟ್ಟಿ ವಾಲ್ವ್ ಸ್ಪ್ರಿಂಗ್ ಬಂದವು. ಹೊಗೆ ಸರಾಗವಾಗಿ ಹೋಗಲೆಂದು ನಾಲ್ಕು ಕೊಳವೆ ಕೂಡಿ ಒಂದಾಗುವ ಸೈಲೆನ್ಸರ್ ಬಂತು. ಒಂದೊಂದನ್ನೂ ಪೆದ್ರು ಬಾಯಲ್ಲೇ ಹೇಳಿ ತರಿಸಬೇಕಾಯಿತು. ಹೇಳುವುದನ್ನು ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುತ್ತಿದ್ದ. ಒಮ್ಮೆ ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಜ್ಯೂಲಿ ಸುಮ್ಮನೆ ಕೇಳುವವಳಲ್ಲ. "ಅದ್ಯಾಕ ಹಂಗ?" ಅನ್ನುತ್ತಿದ್ದಳು. ಅವನು ಇನ್ನೊಂದಿಷ್ಟು ಹೇಳಬೇಕಾಗುತ್ತಿತ್ತು. ಎಂಜಿನ್ನಿನ ಮಾತು ಮುಗಿದ ಮೇಲೂ ಕೆಲವು ಸಲ ಮಾತು ಉಳಿಯುತ್ತಿತ್ತು. ಯಾರ ಮನೆಯಲ್ಲಿ ಕ್ರಿಸ್ಮಸ್ಸಿಗೆ ಹಂದಿ ಕೊಯ್ಯುತ್ತಾರೆ, ಇಗರ್ಜಿಯ ಹೊಸ ಪಾದ್ರಿಗೆ ಕನ್ನಡ ಹೇಗೆ ಬರುತ್ತದೆ, ಇಂಥದ್ದು. ಪಕ್ಕದ ಚಹಾ ಅಂಗಡಿಯ ಮಹಾದೇವಕ್ಕ ಕೇಳದೇ ಎರಡು ಚಹಾ ಕಳಿಸತೊಡಗಿದಳು.

ಕೊನೆಗೆ ಉಳಿದದ್ದು ಕ್ಯಾಮ್‌ಶಾಫ್ಟ್.

ಎಂಜಿನ್ನಿನ ಬಾಯಿಗಳು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ಅಪ್ಪಣೆ ಕೊಡುವ ಉಕ್ಕಿನ ಕೋಲು ಅದು. ಮೈಮೇಲೆ ಎಂಟು ಉಬ್ಬು. ಉಬ್ಬು ಹೆಚ್ಚಿದ್ದಷ್ಟೂ ಬಾಯಿ ಹೆಚ್ಚು ತೆರೆಯುತ್ತದೆ. ಕೊಯಮತ್ತೂರಿನಲ್ಲಿ ರೇಸಿನ ಎಂಜಿನ್ ಕಟ್ಟುವ ಒಬ್ಬರೊಡನೆ ಪುಂಡಲೀಕರಾವ್ ತಾವೇ ಮಾತಾಡಿ, ಉಬ್ಬು ಹೆಚ್ಚಿನದನ್ನು ಮಳೆಗಾಲದಲ್ಲೇ ಮಾಡಿಸಲು ಹಾಕಿದ್ದರು. ಪೆದ್ರು ಯಾವಾಗಲೂ ಗಾಡಿಯ ಕೆಳಗೇ ಇರುತ್ತಾನೆಂದು ಜ್ಯೂಲಿಯ ಅಂಗಡಿಯ ವಿಳಾಸ ಕೊಟ್ಟಿದ್ದರು. ಅದು ಎಂಥದ್ದು ಎಂಬುದನ್ನು ಜ್ಯೂಲಿಗೆ ತಿಳಿಸಿ ಬರುವುದು ಪೆದ್ರುವಿನ ಪಾಲಿಗೆ ಬಂತು.

ಆ ದಿನ ಅವನು ಹಳೆಯ ಕ್ಯಾಮ್‌ಶಾಫ್ಟನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋದ. ಹೊಸದು ಇದಕ್ಕಿಂತ ಹೇಗೆ ಬೇರೆ ಎಂದು ಬೆರಳಿಟ್ಟು ತೋರಿಸಬೇಕೆಂದಿದ್ದ. ಆ ಮಾತನ್ನು ದಾರಿಯುದ್ದಕ್ಕೂ ಚೆನ್ನಾಗಿ ಪಾಠ ಮಾಡಿದ್ದ.

ಜ್ಯೂಲಿ ಮುಖ ತಗ್ಗಿಸಿ ನಟ್ಟು ಬೋಲ್ಟು ಆರಿಸುತ್ತಿದ್ದಳು.

"ಒಂದ ಮಾತು ಹೇಳೂದಿತ್ರಿ ಮಿಸ್ತ್ರಿ. ಈ ತಿಂಗಳ ಆಖೇರಿಗೆ ಅಂಗಡಿ ಬಿಡ್ತೇನಿ."

"ಹಾಂ?"

"ನನ್ನ ತಂಗಿ ನೀಲಂ ಮಡಗಾವಿನಾಗ ಖಾನಾವಳಿ ತಗದಾಳ. ಒಬ್ಬಾಕಿನ ಇಲ್ಲಿ ಕುಂತು ಏನ ಮಾಡ್ತಿ, ಬಾ ಅಂತಾಳ. ಈಗೆಲ್ಲಾ ಮಂದಿ ಮೊಬೈಲಿನಾಗ ಸಾಮಾನು ತರಸ್ತಾರ." ಅವಳು ತಲೆ ಎತ್ತಿದಳು. "ನೀವೇನಂತೀರಿ?"

ಪೆದ್ರು ಪಾಠ ಮಾಡಿದ್ದೆಲ್ಲ ತಲೆಯಿಂದ ಸೋರಿಹೋಗಿತ್ತು. ಕ್ಯಾಮ್‌ಶಾಫ್ಟನ್ನು ಕೌಂಟರಿನ ಮೇಲಿಟ್ಟ.

"ಇದು," ಅಂದ. "ಪಾರ್ಸಲ್ ಬರ್ತೈತಿ."

ಅಷ್ಟೇ ಹೇಳಿ ಹೋಗಿಬಿಟ್ಟ.

ಹದಿನೈದು ದಿನಕ್ಕೆ ಅವನ ಫೋನು ಮೂರು ಸಲ ಬಡಿಯಿತು. ಹೆಸರು ಓದುವುದಕ್ಕೆ ಅವನಿಗೆ ಹೊತ್ತು ಹಿಡಿಯುತ್ತಿತ್ತು, ಆದರೆ ಜ್ಯೂಲಿಯ ನಂಬರಿನ ಕೊನೆಯ ಅಂಕಿಗಳು ಕಣ್ಣಿಗೆ ಕಟ್ಟಿದ್ದವು. ಗ್ರೀಸು ಮೆತ್ತಿದ ಅಂಗೈಯಲ್ಲಿ ಫೋನು ಹಿಡಿದು, ಅದು ತಾನಾಗಿ ಸುಮ್ಮನಾಗುವ ತನಕ ಮೂರು ಸಲವೂ ನೋಡುತ್ತ ನಿಂತ.

ಎರಡು ದಿನ ಬಿಟ್ಟು ಬೆಳಿಗ್ಗೆ ಪುಂಡಲೀಕರಾವ್ ಸ್ಕೂಟರಿನಲ್ಲಿ ಬಂದರು. "ಅರೇ ಪೆದ್ರು! ಪಾರ್ಸಲ್ ಮುಟ್ಟಿ ಎರಡ ದಿನ ಆತು ಅಂತ ಮೆಸೇಜ್ ಬಂದೈತಿ. ನೀ ಇಲ್ಲೇ ಕುಂತೀಯಲ್ಲೋ! ರಾಲಿಗೆ ಇಪ್ಪತ್ತ ದಿನ ಉಳದಾವು."

ಹನ್ನೊಂದೂವರೆಗೆ ಪೆದ್ರು ಹಳಿಯಾಳದಲ್ಲಿದ್ದ.

"ಬಂದಿತ್ತು," ಅಂದಳು ಜ್ಯೂಲಿ. ಅವಳ ದನಿ ಗಟ್ಟಿಯಾಗಿತ್ತು. "ಇವತ್ತ ಮುಂಜಾನೆ ವಾಪಸ್ ಕಳಿಸಿದೆ."

"ಯಾಕ್ರಿ?"

"ಮ್ಯಾಚ್ ಆಗ್ಲಿಲ್ಲ. ನೀವು ಇಟ್ಟು ಹೋದದ್ದರ ಬಾಜೂಕ ಇಟ್ಟು ನೋಡಿದೆ. ಎಂಟಕ್ಕ ಎಂಟೂ ಉಬ್ಬು ಹೆಚ್ಚದಾವ. ತಪ್ಪು ಸಾಮಾನು ಕಳಿಸ್ಯಾರ ಅಂತ ಹೊಲದು ಟೆಂಪೋಕ್ಕ ಹಾಕಿದೆ."

ಪೆದ್ರು ಆಯಿಲ್ ಡ್ರಮ್ಮಿನ ಮೇಲೆ ಕೂತ. "ಹೆಚ್ಚ ಇರಬೇಕಿತ್ರಿ ಅದು."

ಜ್ಯೂಲಿಯ ಕೈ ಅಲ್ಲೇ ನಿಂತಿತು. "ದೇವಾ ಸಾಯಬಾ! ಅದನ್ನ ಹೇಳೂದಲ್ಲೇನ್ರಿ? ಒಂಬತ್ತ ವರ್ಷ ನೀವು ಇಟ್ಟದ್ದಕ್ಕ ನಾ ಜೋಡಿ ಹುಡುಕೇನಿ. ಕೂದಲಷ್ಟು ಹೆಚ್ಚುಕಡಿಮಿ ಕೊಟ್ಟಾಕಿ ಅಲ್ಲ. ನೀವು 'ಇದು' ಅಂತ ಇಟ್ರಿ. ಇದರಂಥಾದ್ದ ಅಂತ ನಾ ತಿಳಕೊಂಡೆ. ಮೂರ ಸಲ ಫೋನ್ ಮಾಡೇನಿ ಮ್ಯಾಲ!"

ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಇನ್ನೊಂದ ಮಾಡಿಸಿದ್ರ?" ಅಂದಳು ಜ್ಯೂಲಿ.

"ಎರಡ ತಿಂಗಳು."

ಅವಳು ಬೀಗದ ಕೈ ತೆಗೆದುಕೊಂಡು ಹೊರಗೆ ಬಂದಳು. "ಏಳ್ರಿ. ಟೆಂಪೋ ಧಾರವಾಡದ ಗೋಡೌನಿಗೆ ಮುಟ್ಟಸ್ತೈತಿ, ಅಲ್ಲಿಂದ ಕೊಯಮತ್ತೂರಿನ ಲಾರಿ ಎರಡಕ್ಕ ಬಿಡ್ತೈತಿ. ಹೋಗೂಣು."

ಶಟರ್ ಎಳೆದ ಸಪ್ಪಳಕ್ಕೆ ಮಹಾದೇವಕ್ಕ ಇಣುಕಿದಳು. "ಏನವ್ವಾ, ಹಾಡಹಗಲ ಬಾಗಲಾ ಹಾಕಿದಿ?"

"ಪಾರ್ಸಲ್ ಹಿಡ್ಯಾಕ ಹೊಂಟೇನಿ."

"ಪಾರ್ಸಲ್ಲೋ, ಮಿಸ್ತ್ರಿಯೋ?"

ಜ್ಯೂಲಿ ತಿರುಗಿ ನೋಡಲಿಲ್ಲ, ಆದರೆ ಅವಳು ಬಿಸಿಯಾದ ಕಿವಿಯನ್ನು ಮುಟ್ಟಿಕೊಂಡದ್ದು ಹಿಂದೆ ನಡೆಯುತ್ತಿದ್ದವನಿಗೆ ಕಂಡಿತು.

ಊರು ದಾಟುತ್ತಲೇ ಬಸ್ಸು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿತ್ತು. ಎರಡೂ ಕಡೆ ಹೊರಚಾಚಿದ ಕಬ್ಬು, ರಸ್ತೆಯ ಗಿಡಗಳನ್ನು ಸವರುತ್ತ ಆಮೆಯ ಹಾಗೆ ಹೋಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ದಣಿದ. ಇಬ್ಬರ ನಡುವೆ ಒಂದು ಗೇಣು ಜಾಗ ಇತ್ತು.

"ಫೋನ್ ಯಾಕ ಎತ್ತಲಿಲ್ಲ?" ಜ್ಯೂಲಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

ಅವನು ಮುಂದಿನ ಸೀಟಿನ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ.

"ದಿನ ಹೇಳ್ತೀರಿ ಅಂತ ಅಂಜಿಕಿ ಆತ್ರಿ."

"ಯಾವ ದಿನ?"

"ಹೋಗೂ ದಿನ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು. ಧಾರವಾಡ ಬರುವ ತನಕ ಹಾಗೆಯೇ ಮಾಡುತ್ತಿದ್ದಳು.

ಗೋಡೌನು ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷ ಇತ್ತು. ಲಾರಿ ತುಂಬಿತ್ತು. ಹಮಾಲರು ತಾಡಪತ್ರಿಯ ಹಗ್ಗ ಬಿಗಿಯುತ್ತಿದ್ದರು. ಗುಮಾಸ್ತ ಈಶಪ್ಪ ಕನ್ನಡಕದ ಮೇಲಿನಿಂದ ನೋಡಿದ.

"ಹತ್ತಿಸಿದ್ದು ಹತ್ತಿಸಿದಂಗ. ಕೊಯಮತ್ತೂರಿಗೆ ಹೋಗಿ ಅಲ್ಲಿಂದ ತರಿಸಿಕೊಳ್ರಿ."

"ನಾನ ಕಳಿಸಿದ್ದು ರೀ. ರಸೀದಿ ಐತಿ," ಅಂದಳು ಜ್ಯೂಲಿ.

"ಇರಲಿ ಬಿಡ್ರಿ ಅಕ್ಕಾರ. ಒಂದ ಪಾರ್ಸಲ್ಲಿಗೆ ಇಡೀ ಲಾರಿ ಬಿಚ್ಚಲೇನು? ನೀವ ಕಳಿಸ್ತೀರಿ, ನೀವ ಬ್ಯಾಡ ಅಂತೀರಿ. ತಲಿ ಸರಿ ಇಟಗೊಂಡು ವ್ಯಾಪಾರ ಮಾಡಬೇಕು."

ಜ್ಯೂಲಿಯ ಮುಖ ಸಣ್ಣದಾಯಿತು. ಅದನ್ನು ಪೆದ್ರು ನೋಡಿದ. ನೋಡಿದ್ದೇ ತಡ, ಅವನ ಎದೆಯಲ್ಲಿ ಏನೋ ಜಾರಿ ಜಾಗಕ್ಕೆ ಬಂದು ಕೂತಂತಾಯಿತು. ಅವನು ಮುಂದೆ ಬಂದ.

"ಅವರಿಗೆ ಅನಬ್ಯಾಡ್ರಿ ಸಾಹೇಬ್ರ. ಅವರ ವ್ಯಾಪಾರದಾಗ ತಪ್ಪಿಲ್ಲ. ತಪ್ಪು ನಂದು."

"ನೀವ್ಯಾರು?"

"ಮಿಸ್ತ್ರಿ. ಹೊಸದು ಹಳೇದರಂಗ ಇರೂದಿಲ್ಲ, ಉಬ್ಬು ಹೆಚ್ಚಿರ್ತಾವ ಅಂತ ನಾ ಇವರಿಗೆ ಹೇಳಬೇಕಿತ್ತು. ಹೇಳಾಕಂತ ಹೋಗಿದ್ದೆ. ಆದ್ರ ಇವರು ಅಂಗಡಿ ಬಿಟ್ಟು ಮಡಗಾವಿಗೆ ಹೋಗ್ತೇನಿ ಅಂದ್ರು. ನನ್ನ ಬಾಯಿ ಬಂದ್ ಆತು. ನೀವೇನಂತೀರಿ ಅಂತ ಕೇಳಿದ್ರು. ಹೋಗಬ್ಯಾಡ್ರಿ ಅನಬೇಕಿತ್ತು, ಅನಲಿಲ್ಲ. ಆಮ್ಯಾಲ ಫೋನ್ ಮಾಡಿದ್ರು, ಎತ್ತಲಿಲ್ಲ. ಇವರು ಹೋದ್ರ ನಾ ಯಾವ ಸಾಮಾನು ಕೆಟ್ಟೈತಿ ಅಂತ ಹಳಿಯಾಳಕ್ಕ ಹೋಗ್ಲಿ? ಎಲ್ಲಾ ಸಾಮಾನು ದಾಂಡೇಲಿಯಾಗ ಸಿಗ್ತಾವ್ರಿ. ಒಂಬತ್ತ ವರ್ಷದಿಂದ ಸಿಗ್ತಾವ."

ಹಗ್ಗ ಬಿಗಿಯುತ್ತಿದ್ದ ಹಮಾಲರು ಕೈ ಬಿಟ್ಟು ನಿಂತಿದ್ದರು. ಈಶಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇದರಾಗ ಲಾರಿ ಬಿಚ್ಚೂ ಮಾತು ಎಲ್ಲಿ ಬಂತ್ರಿ?" ಅಂದ.

"ಅದು ಬರಲಿಲ್ರಿ," ಅಂದ ಪೆದ್ರು. "ಇದ ಬಂತು."

ಮೇಲಿದ್ದ ಹಮಾಲನೊಬ್ಬ ಕಿಸಕ್ಕನೆ ನಕ್ಕ. ಈಶಪ್ಪ ಜ್ಯೂಲಿಯ ಕಡೆ ನೋಡಿದ. ಅವಳು ಗೋಡೆಗೆ ಅಂಟಿಸಿದ ಊರುಗಳ ಪಟ್ಟಿಯನ್ನು ಅತಿ ಶ್ರದ್ಧೆಯಿಂದ ಓದುತ್ತಿದ್ದಳು.

"ಇಳಸ್ರಪಾ," ಅಂದ ಈಶಪ್ಪ. "ಕೊಯಮತ್ತೂರು ಎಲ್ಲಿ ಓಡಿ ಹೋಗ್ತೈತಿ."

ಗೋಡೌನಿನ ಹೊರಗೆ ಬೇವಿನ ಮರದ ಕೆಳಗೆ ಕಲ್ಲಿನ ಕಟ್ಟೆ ಇತ್ತು. ಅಲ್ಲಿ ಕೂತು ಜ್ಯೂಲಿ ತಾನೇ ಹೊಲಿದ ಗೋಣಿಯ ಹೊಲಿಗೆಯನ್ನು ತಾನೇ ಬಿಚ್ಚಿದಳು. ಎಣ್ಣೆ ಹಚ್ಚಿದ ಉಕ್ಕು ಬಿಸಿಲಿಗೆ ಮಿಂಚಿತು. ಒಂದು ಉಬ್ಬಿನ ಮೇಲೆ ಬೆರಳಿಟ್ಟಳು.

"ಇದು ಹಾಕಿದ್ರ ಏನಾಗ್ತೈತಿ?"

"ಬಾಯಿ ಇನ್ನೊಂದಿಷ್ಟು ತೆರಿತೈತಿ. ಇನ್ನೊಂದಿಷ್ಟು ಹೊತ್ತು ತೆರದ ಇರ್ತೈತಿ. ಉಸರು ಆಳಕ್ಕ ಹೋಗ್ತೈತಿ."

"ಹಳೇದರಾಗ ಏನ ಕೆಟ್ಟಿತ್ತು?"

"ಏನೂ ಕೆಟ್ಟಿದ್ದಿಲ್ರಿ. ಭಾಳ ಚೊಲೋ ಇತ್ತು. ಅದು ಓಡಿದ ಹಾದಿ ಬ್ಯಾರೆ."

ಎಲೆಯೊಂದು ಜ್ಯೂಲಿಯ ಮಡಿಲಿಗೆ ಬಿತ್ತು. ಅದನ್ನು ತೆಗೆಯಲಿಲ್ಲ.

"ಮೈಕಲ್ ಹೋದ ಮ್ಯಾಲ ನನ್ನ ನಾಕ ಮಂದಿ ಕೇಳಿದ್ರು," ಅಂದಳು. "ಚೊಲೋ ಮಂದೀನ. ಒಬ್ಬೊಬ್ಬರನ್ನೂ ಅಂವನ ಬಾಜೂಕ ಇಟ್ಟು ನೋಡಿದೆ. ಒಬ್ಬಾಂವ ನಗತಿದ್ದಿಲ್ಲ. ಒಬ್ಬಾಂವಗ ಹಾಡಾಕ ಬರತಿದ್ದಿಲ್ಲ. ವಾಪಸ್ ಕಳಿಸಿದೆ. ನನಗ ಅದೊಂದ ಕೆಲಸ ಬರ್ತೈತಿ ನೋಡ್ರಿ, ಜೋಡಿ ಹುಡುಕೂದು."

"ನನಗೂ ಹಾಡಾಕ ಬರೂದಿಲ್ರಿ."

"ಗೊತ್ತೈತಿ. ಇಗರ್ಜ್ಯಾಗ ಕೇಳೇನಿ."

"ಡಮಾಮಿ ಬಾರಿಸಿದ್ರ ತಾಳ ತಪ್ಪತೈತಿ."

"ಅದೂ ನೋಡೇನಿ. ಮಂದಿ ಎಲ್ಲಾ ಒಂದ ಕಡೆ, ನೀವ ಒಂದ ಕಡೆ." ನೆರಿಗೆ ಕಣ್ಣಿನ ಮೂಲೆಗೆ ಬಂತು, ಆದರೆ ನಗು ಬರುವ ಮೊದಲೇ ನೀರು ಬಂತು. ಅಂಗೈಯಿಂದ ಒರೆಸಿಕೊಂಡಳು. ಕೆನ್ನೆಗೆ ಎಣ್ಣೆ ಹತ್ತಿತು.

"ಜ್ಯೂಲಿ," ಅಂದ ಪೆದ್ರು. ಹೆಸರಿಗೆ 'ಬಾಯಿ' ಸೇರಿಸಲಿಲ್ಲ. "ಗೋಡೌನಿನಾಗ ಅಂವಗ ಹೇಳಿದ್ದು ನಿನಗ ಹೇಳಿದ್ದು. ಹೋಗಬ್ಯಾಡ. ನನ್ನ ಕೂಡ ಇರು."

ಅವಳು ಕ್ಯಾಮ್‌ಶಾಫ್ಟನ್ನು ಮತ್ತೆ ಗೋಣಿಯಲ್ಲಿಟ್ಟು ಕಟ್ಟಿ ಅವನ ಕೈಗೆ ಕೊಟ್ಟಳು. "ಬಸ್ ತಪ್ಪತೈತಿ, ನಡೀರಿ," ಅಂದಳು.

ದಾಂಡೇಲಿಯ ಬಸ್ಸು ಸಂತೆಯ ಹಾಗೆ ತುಂಬಿತ್ತು. ಜ್ಯೂಲಿಗೆ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು. ಪೆದ್ರು ಪಾರ್ಸಲ್ಲನ್ನು ಎದೆಗವಚಿ ಕಂಬ ಹಿಡಿದು ನಿಂತ. ಉತ್ತರ ಇಲ್ಲ ಅನ್ನುವುದೂ ಒಂದು ಉತ್ತರವೇ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಒಟ್ಟಿನಲ್ಲಿ ಹೇಳಿಯಾಯಿತು. ಹೇಳದೇ ಉಳಿಯಲಿಲ್ಲ. ಅಷ್ಟನ್ನಾದರೂ ಮನೆಗೆ ಒಯ್ಯಬಹುದು.

ಕಂಡಕ್ಟರ್ ಬಂದ. ಜ್ಯೂಲಿ ಆಧಾರ್ ಕಾರ್ಡು ತೋರಿಸಿದಳು.

"ಹಳಿಯಾಳ ಏನ್ರಿ ಅಕ್ಕಾರ?"

"ಅಲ್ರಿ," ಅಂದಳು ಜ್ಯೂಲಿ. "ದಾಂಡೇಲಿ."

ಪೆದ್ರುವಿಗೆ ಕೇಳಿಸಿತು. ಕೇಳಿಸಿದ್ದು ನಿಜವೋ ಎಂದು ಕಂಡಕ್ಟರನ ಮುಖ ನೋಡಿದ. ಅವನು ಫ್ರೀ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಅವನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಹಳಿಯಾಳದಲ್ಲಿ ಅರ್ಧ ಬಸ್ಸು ಇಳಿಯಿತು. ಜ್ಯೂಲಿ ಕಿಟಕಿಯ ಕಡೆ ಸರಿದು, ಖಾಲಿಯಾದ ಜಾಗವನ್ನು ಕೈಯಿಂದ ತಟ್ಟಿದಳು.

"ಕುಂದರ್ರಿ. ಅಂಗಡಿ ಬಿಡೂದಿಲ್ಲ ನಾ, ಮೊದಲ ಹೇಳ್ತೇನಿ. ಮುಂಜಾನೆ ಬಸ್ಸಿಗೆ ಹಳಿಯಾಳಕ್ಕ ಬರ್ತೇನಿ, ಸಂಜೀಕ ದಾಂಡೇಲಿಗೆ ಹೋಗ್ತೇನಿ. ನೀಲಂಗ ಫೋನ್ ಮಾಡಿ ಹೇಳ್ತೇನಿ. ಈಗ ನಿಮ್ಮ ಮನಿ ಹೆಂಗೈತಿ ಹೇಳ್ರಿ. ಕೆಟ್ಟದ್ದೆಲ್ಲಾ ಮೊದಲ. ಆಮ್ಯಾಲ ನೋಡಿ ಬೈಬಾರದು ನಾ."

ಪೆದ್ರು ಕೂತ. ಒಂದು ಗೇಣಿನ ಜಾಗ ಈ ಸಲ ಉಳಿಯಲಿಲ್ಲ.

"ಹಿತ್ತಲ ಕಡೆ ಎರಡ ಹೆಂಚು ಒಡದಾವ," ಅಂದ. "ಒಲಿ ಹೊಗಿ ಬಿಡ್ತೈತಿ. ಬಚ್ಚಲ ಬಾಗಲಾ ಪೂರ್ತಿ ಹಾಕ್ಕೊಳ್ಳೂದಿಲ್ಲ."

"ಮತ್ತ?"

"ಮತ್ತ... ನಾ ಗೊರಕಿ ಹೊಡಿತೇನಿ."

"ಒಬ್ಬರ ಇರೋರು ನೀವು. ಯಾರ ಹೇಳಿದ್ರು?"

"ನಾಯಿ ಎದ್ದು ಹೊರಗ ಹೋಗ್ತೈತಿ."

ಜ್ಯೂಲಿ ನಕ್ಕ ನಗುವಿಗೆ ಮುಂದಿನ ಸೀಟಿನ ಅಜ್ಜಿ ಹೊರಳಿ ನೋಡಿದಳು. ಜ್ಯೂಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಮಾತ್ರ ಅಲುಗುತ್ತಿತ್ತು. ಹೊರಗೆ ತೇಗದ ಕಾಡು ಶುರುವಾಗಿತ್ತು.

"ನಾಯಿ ಹೋಗಲಿ ಬಿಡ್ರಿ," ಅಂದಳು ಕೊನೆಗೆ. "ನಾ ಹೋಗೂದಿಲ್ಲ."